ಒಂದು ನೂಲು ಹೆಚ್ಚು

ಮರಳೂರಿನ ಕನಕರಾಜು ಮಾಡಿದ ಬೇಸ್ ಬಾಕ್ಸಿನ ಎದುರು ಮೊದಲ ಸಲ ನಿಂತವರು ಬಗ್ಗಿ ಅದರೊಳಗೆ ನೋಡುತ್ತಾರೆ, ಆಮೇಲೆ ತಲೆಯೆತ್ತಿ ಸ್ಪೀಕರ್ ಎಲ್ಲಿ ಎಂದು ಕೇಳುತ್ತಾರೆ. ಕನಕರಾಜುವಿಗೆ ಆಗ ನಗು ಬರುತ್ತದೆ. ೧೯೯೭ರ ಒಂದು ಬೆಳಿಗ್ಗೆ ಅದೇ ಪ್ರಶ್ನೆಯನ್ನು ಅವನೂ ಕೇಳಿದ್ದ. ಉಳಿದ ಆಯುಷ್ಯಕ್ಕೆಲ್ಲ ಸಾಕಾಗುವಷ್ಟು ಕೆಲಸ ಆ ಪ್ರಶ್ನೆಯಿಂದಲೇ ಅವನಿಗೆ ಸಿಕ್ಕಿತು.

ಹಾಗಲವಾಡಿಯ ಒಕ್ಕಲು ಮನೆಯೊಂದರ ಮೂರನೆಯ ಮಗ ಅವನು. ಹೊಲ ನೋಡಿಕೊಳ್ಳಲು ಅಣ್ಣಂದಿರಿಬ್ಬರೇ ಸಾಕಾಗಿದ್ದರಿಂದ ಅವನನ್ನು ಗುಬ್ಬಿಯ ಕದರಯ್ಯ ಮೇಸ್ತ್ರಿಯ ಬಳಿ ಮರಗೆಲಸ ಕಲಿಯಲು ಬಿಟ್ಟರು. ಕದರಯ್ಯನದು ಬಾಗಿಲು, ಕಿಟಕಿಗಳ ಕೆಲಸ. ಆತನಿಗೆ ಒಂದು ನಿಯಮವಿತ್ತು. ಯಾವುದೇ ಬಾಗಿಲಿನ ಉದ್ದವನ್ನು ಅಗಲದಿಂದ ಗುಣಿಸಬೇಕು, ಬಂದದ್ದನ್ನು ಎಂಟರಿಂದ ಭಾಗಿಸಬೇಕು, ಉಳಿದ ಶೇಷವೇ ಅದರ ಆಯ, ಅಂದರೆ ಶುಭಾಶುಭದ ಗುರುತು. ಒಂದು ಉಳಿದರೆ ಧ್ವಜಾಯ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ. ಏನೂ ಉಳಿಯದಿದ್ದರೆ ಕಾಕ. ಧ್ವಜ, ಸಿಂಹ, ವೃಷಭ, ಗಜಗಳಿಗೆ ಮನೆಯೊಳಗೆ ಪ್ರವೇಶ. ಹೊಗೆ, ನಾಯಿ, ಕತ್ತೆ, ಕಾಗೆಗಳಿಗೆ ಇಲ್ಲ. ಮನೆ ಕಟ್ಟಿಸುವವರೆಲ್ಲ ಆಯ ಕೇಳುವುದುಂಟು. ಆದರೆ ಕದರಯ್ಯ ಅದನ್ನು ಮನೆಗೆ ಮಾತ್ರ ಸೀಮಿತಗೊಳಿಸಿರಲಿಲ್ಲ. ಬಾಯಿ ಇರುವ ಯಾವುದೂ ಆಯವಿಲ್ಲದೆ ಕೈಬಿಟ್ಟು ಹೋಗಬಾರದೆಂಬುದು ಆತನ ಮಾತು. ಹಿಟ್ಟಿನ ಪೆಟ್ಟಿಗೆಗೂ ಆಯ, ದೇವರ ಗೂಡಿಗೂ ಆಯ. ಪಕ್ಕದ ಮನೆಯವರಿಗೆ ಮಾಡಿಕೊಟ್ಟ ಕೋಳಿಗೂಡಿಗೂ ಆಯ ಹಾಕಿದ್ದರಿಂದ, ಆ ಬೀದಿಯ ಕೋಳಿಗಳು ಹಲವು ವರ್ಷ ಸಿಂಹಾಯದ ಬಾಗಿಲಲ್ಲಿ ಓಡಾಡಿದವು.

ಒಂಬತ್ತು ವರ್ಷ ಕಲಿತು ಹೊರಟ ಶಿಷ್ಯನಿಗೆ ಕದರಯ್ಯ ತನ್ನ ಅಳತೆಗೋಲನ್ನೇ ಕೊಟ್ಟ. ನಾಲ್ಕು ಮಡಿಕೆಯ, ಹಿತ್ತಾಳೆ ಕೀಲಿನ, ಎರಡಡಿಯ ಕೋಲು. ಇಂಚಿಗೆ ಎಂಟು ನೂಲಿನಂತೆ ಅದರ ಮೈತುಂಬ ಗೆರೆಗಳು. ‘ಇದ್ರಲ್ಲಿ ಅಳ್ದ ಬಾಯಿಗೆ ಆಯ ತಪ್ಪಿಸ್ಬ್ಯಾಡ ಕಣ್ಲಾ’ ಎಂದು ಕೇಳಿಕೊಂಡ. ತಪ್ಪಿಸುವುದಿಲ್ಲವೆಂದು ಕನಕರಾಜು ಮಾತು ಕೊಟ್ಟ. ಆ ಮಾತು ಒಂದು ದಿನ ಅಡ್ಡ ಬರಬಹುದೆಂಬ ಯೋಚನೆ ಅವತ್ತು ಇಬ್ಬರಿಗೂ ಇರಲಿಲ್ಲ.

ಮರಳೂರಿನಲ್ಲಿ ಆಗ ಹೊಸ ಬಡಾವಣೆಗಳು ಏಳುತ್ತಿದ್ದವು. ಕನಕರಾಜು ಅಲ್ಲಿ ಶೀಟು ಹೊದಿಸಿದ ಶೆಡ್ಡು ಹಾಕಿದ, ಸ್ವರ್ಣಲತಾ ಎಂಬಾಕೆಯನ್ನು ಮದುವೆಯಾದ. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಬ್ಲೌಸು, ಲಂಗ ಹೊಲಿಯುತ್ತಿದ್ದಳು. ಕಿಟಕಿ ಕೆಲಸಕ್ಕೆ ಬರವಿರಲಿಲ್ಲ. ಆದರೂ ಅವನ ಮನಸ್ಸು ಕಿಟಕಿಯಲ್ಲಿ ನಿಲ್ಲುತ್ತಿರಲಿಲ್ಲ. ಊರಿನ ಡೊಳ್ಳನ್ನು ಹತ್ತಿರ ನಿಂತು ಕೇಳಿದಾಗ ಹೊಟ್ಟೆಯೊಳಗೆ ಏನೋ ಅಲುಗುತ್ತದಲ್ಲ, ಮೈಕ್ ಸೆಟ್ಟಿನಲ್ಲಿ ಕೇಳಿದಾಗ ಅದು ಏಕೆ ಅಲುಗುವುದಿಲ್ಲ ಎಂಬುದು ಅವನ ಚಿಕ್ಕಂದಿನ ಚಿಂತೆ. ಕುಣಿಗಲಿನಲ್ಲಿ ಸೌಂಡ್ ಸರ್ವೀಸ್ ನಡೆಸುತ್ತಿದ್ದ ಶಿವರಾಜನ ಸ್ಪೀಕರ್ ಡಬ್ಬಗಳು ಮುರಿದಾಗ ರಿಪೇರಿಗೆ ಓಡಿಹೋಗುತ್ತಿದ್ದುದು ಅದಕ್ಕಾಗಿಯೇ.

ಆ ಬೆಳಿಗ್ಗೆಯೂ ಹಾಗೆಯೇ ಆಯಿತು. ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಆರ್ಕೆಸ್ಟ್ರಾ ಇತ್ತು. ಬೆಂಗಳೂರಿನಿಂದ ಬಂದ ದೊಡ್ಡ ಬಾಕ್ಸೊಂದರ ಮೂಲೆ ಲಾರಿಯಿಂದ ಇಳಿಸುವಾಗ ಒಡೆದಿತ್ತು. ಶಿವರಾಜ ಸ್ಕೂಟರಿನಲ್ಲಿ ಬಂದು ಕನಕರಾಜುವನ್ನು ಕೂರಿಸಿಕೊಂಡು ಹೋದ. ಉಳಿ, ಸುತ್ತಿಗೆ ಹರಡಿಕೊಂಡು ಕುಳಿತ ಕನಕರಾಜು ಬಾಕ್ಸಿನ ತೆರೆದ ಬಾಯೊಳಗೆ ತಲೆ ಹಾಕಿ ನೋಡಿ ಗಾಬರಿಯಾದ.

‘ಅಣ್ಣ, ಇದ್ರಲ್ಲಿ ಸ್ಪೀಕರೇ ಇಲ್ವಲ್ಲ! ದಾರೀಲಿ ಎಲ್ಲಾದ್ರೂ ಬಿದ್ದೋಯ್ತಾ?’

ಬೆಂಗಳೂರಿನ ಆಪರೇಟರ್ ಗಹಗಹಿಸಿ ನಕ್ಕ. ‘ಇದೆ ಕಣ್ರೀ. ಒಳಗೆ ಹಿಂದಿನ ಗೂಡಲ್ಲಿದೆ. ಅದು ಗೋಷಾ ಹೆಂಗಸು, ಮುಖ ತೋರ್ಸಲ್ಲ.’

ಆಮೇಲೆ ಆತ ವಿವರಿಸಿದ. ಕೊಂಬು ಊದುವವನ ತುಟಿಯ ಬಳಿ ಕಿರಿದಾಗಿ ಶುರುವಾಗಿ, ಹೋಗುತ್ತ ಹೋಗುತ್ತ ಅಗಲವಾಗಿ, ಬಾಯಿ ತೆರೆಯುತ್ತದೆ. ತುಟಿಯ ಪುಟ್ಟ ಉಸಿರು ಊರಿಗೆಲ್ಲ ಕೇಳುವುದು ಆ ಅಗಲಿಕೆಯಿಂದ. ಸ್ಪೀಕರಿನ ಮುಂದೆಯೂ ಅಂಥದೊಂದು ಕೊಂಬು ಇಟ್ಟರೆ ಅದೇ ಸ್ಪೀಕರ್ ಹಲವು ಪಟ್ಟು ಜೋರಾಗುತ್ತದೆ. ಆದರೆ ಬೇಸಿನಂಥ ತಗ್ಗು ಸ್ವರಕ್ಕೆ ಕೊಂಬು ಬಹಳ ಉದ್ದವಿರಬೇಕು. ‘ಅಷ್ಟುದ್ದದ ಕೊಂಬನ್ನ ಯಾವ ಲಾರೀಲಿ ಹಾಕ್ತೀರಿ? ಅದಕ್ಕೇ ಬಾಕ್ಸ್ ಒಳಗೇ ಹಲಗೆ ಕೊಟ್ಟು ಮಡ್ಚಿಬಿಟ್ಟಿದಾರೆ. ಶಬ್ದ ಹಿಂದಿನಿಂದ ಹೊರಟು, ಸುತ್ತಿ ಸುತ್ತಿ, ಅಗಲ ಆಗ್ತಾ ಮುಂದೆ ಬರುತ್ತೆ.’

ಮೂಲೆ ಕೂಡಿಸಿ ಮುಗಿದ ಮೇಲೆ ಪರೀಕ್ಷೆಗೆಂದು ಆಪರೇಟರ್ ಕ್ಯಾಸೆಟ್ ಹಾಕಿದ. ಕನಕರಾಜುವಿನ ಅಂಗೈ ಇನ್ನೂ ಪ್ಲೈವುಡ್ಡಿನ ಮೇಲಿತ್ತು. ತಬಲಾದ ಎಡಗೈ ಪೆಟ್ಟು ಬಿತ್ತು. ಅವನಿಗೆ ಅದು ಕಿವಿಯಲ್ಲಿ ಕೇಳಲಿಲ್ಲ. ಹೊಕ್ಕುಳ ಹಿಂದೆ ಯಾರೋ ಬಾಗಿಲು ತೆರೆದ ಹಾಗಾಯಿತು. ಕೂಲಿ ಎಷ್ಟೆಂದು ಕೇಳಿದಾಗ ಬಾಕ್ಸಿನ ನಕ್ಷೆ ಇದ್ದರೆ ಕೊಡಿ, ಬೇರೇನೂ ಬೇಡವೆಂದ. ಆಪರೇಟರ್ ಫೈಲಿನಿಂದ ಒಂದು ಹಾಳೆ ತೆಗೆದು ಮೈದಾನದ ಎದುರಿನ ಜೆರಾಕ್ಸ್ ಅಂಗಡಿಗೆ ಕಳಿಸಿದ.

ಶಿವರಾಜ ಆ ವರ್ಷ ಬೆಂಗಳೂರಿನಿಂದ ಇಂಥವೇ ಬಾಕ್ಸುಗಳನ್ನು ತರಿಸುವ ಯೋಚನೆಯಲ್ಲಿದ್ದ. ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ಕನಕರಾಜು ಹೇಳಿದ: ‘ಶಿವರಾಜಣ್ಣ, ತರಿಸ್ಬೇಡ. ನಾನ್ ಮಾಡ್ಕೊಡ್ತೀನಿ.’

‘ಕಿಟಕಿ ಮಾಡೋ ನೀನಾ?’

‘ಕಿಟಕಿಗೂ ಇದಕ್ಕೂ ಏನ್ ವ್ಯತ್ಯಾಸ? ಅಲ್ಲಿ ಗಾಳಿ ಒಳಕ್ ಬತ್ತದೆ, ಇಲ್ಲಿ ಆಚೆಗೋಗ್ತದೆ.’

ಶಿವರಾಜ ಸ್ಕೂಟರ್ ನಿಲ್ಲಿಸಿಯೇ ನಕ್ಕ. ಆದರೆ ಅವನು ನ್ಯಾಯವಂತ. ಜನವರಿಯಲ್ಲಿ ಹುಲಿಯೂರುದುರ್ಗದ ಹೈಸ್ಕೂಲಿನ ವಾರ್ಷಿಕೋತ್ಸವ ಇತ್ತು, ಅದರ ಸೌಂಡ್ ಅವನದೇ. ಎರಡು ಬಾಕ್ಸು ಮಾಡಿಕೊಡು, ಅಲ್ಲಿ ನಿಂತು ಗೆದ್ದರೆ ಇನ್ನು ಮುಂದೆ ನನ್ನ ಬಾಕ್ಸೆಲ್ಲ ನಿನ್ನವೇ, ನೀನು ಕಿಟಕಿ ಬಿಟ್ಟು ಇದನ್ನೇ ಹಿಡಿಯಬಹುದು ಎಂದ. ‘ಸೋತ್ರೆ ಮಾತ್ರ ಬಾಕ್ಸು ಅಂತ ಇನ್ನೊಂದ್ಸಲ ನನ್ ಬಾಗಿಲಿಗ್ ಬರಂಗಿಲ್ಲ. ಒಪ್ಪಾ?’ ಕನಕರಾಜು ಒಪ್ಪಿದ.

ಆ ಸಂಜೆ ನಕ್ಷೆಯ ಹಾಳೆಯನ್ನು ಸ್ವರ್ಣಲತಾಳ ಹೊಲಿಗೆಯ ಮೇಜಿನ ಮೇಲೆ ಹರಡಿದರು. ಮಡಿಸಿದ ಕೊಂಬಿನ ಅಗಲ ಎಲ್ಲೆಡೆಯೂ ಹದಿನೆಂಟು ಇಂಚು. ಗಾಳಿ ಸುತ್ತಿ ಬರುವ ದಾರಿಯಲ್ಲಿ ಐದು ಬಾಯಿಗಳು. ಅವುಗಳ ಎತ್ತರ ನಾಲ್ಕು, ಆರು, ಒಂಬತ್ತು, ಹದಿನಾಲ್ಕು, ಇಪ್ಪತ್ತೊಂದು ಇಂಚು. ಕನಕರಾಜುವಿನ ಕೈ ತಾನಾಗಿ ಪೆನ್ಸಿಲಿಗೆ ಹೋಯಿತು. ನಾಲ್ಕು ಹದಿನೆಂಟಲಿ ಎಪ್ಪತ್ತೆರಡು. ಎಂಟರಿಂದ ಭಾಗಿಸಿದರೆ ಶೇಷ ಸೊನ್ನೆ. ಕಾಗೆ. ಆರಕ್ಕೆ ನಾಲ್ಕು ಉಳಿಯಿತು, ನಾಯಿ. ಒಂಬತ್ತಕ್ಕೆ ಹೊಗೆ. ಹದಿನಾಲ್ಕಕ್ಕೆ ಮತ್ತೆ ನಾಯಿ, ಇಪ್ಪತ್ತೊಂದಕ್ಕೆ ಮತ್ತೆ ಹೊಗೆ.

‘ಥೂ, ಯಾವನೋ ಇದನ್ನ ಬರ್ದೋನು! ಒಂದಾದ್ರೂ ನೆಟ್ಟಗಿಲ್ವಲ್ಲೇ!’

‘ಡಬ್ಬದೊಳಗಿರೋ ನಾಯಿ ಯಾರ್ಗ್ ಕಾಣ್ತದ್ರೀ?’ ಎಂದು ಸ್ವರ್ಣಲತಾ ದಾರ ಕಚ್ಚಿದಳು.

‘ಮೇಸ್ತ್ರಿಗೆ ಮಾತು ಕೊಟ್ಟಿದೀನಿ ಕಣೇ.’

ಅವನು ಅಳತೆ ತಿದ್ದಿದ. ಅಗಲವನ್ನು ಹತ್ತೊಂಬತ್ತು ಮಾಡಿದ. ಬಾಯಿಗಳನ್ನು ಐದು, ಏಳು, ಒಂಬತ್ತು, ಹದಿಮೂರು, ಇಪ್ಪತ್ತೊಂದು ಮಾಡಿದ. ಈಗ ಕ್ರಮವಾಗಿ ಗಜ, ವೃಷಭ, ಸಿಂಹ, ಗಜ, ಗಜ. ಹಾಳೆಯ ಮೇಲೆ ಅಷ್ಟೂ ಪ್ರಾಣಿಗಳು ಗಂಭೀರವಾಗಿ ಸಾಲು ನಿಂತದ್ದನ್ನು ಕಂಡು ಅವನಿಗೆ ಸಮಾಧಾನವಾಯಿತು. ನಕ್ಷೆ ಬರೆದವನಿಗೆ ಮರಗೆಲಸದ ಮರ್ಯಾದೆ ಗೊತ್ತಿರಲಿಲ್ಲ, ತಾನು ಅದನ್ನು ಸರಿಪಡಿಸಿದೆ ಎಂದೇ ಅವನು ನಂಬಿದ್ದ.

ಮೂರು ವಾರ ಕೆಲಸ ನಡೆಯಿತು. ಡಿಸೆಂಬರಿನ ಮೊದಲ ವಾರ ಮೊದಲ ಬಾಕ್ಸು ಕುಣಿಗಲಿಗೆ ಹೋಯಿತು. ಶಿವರಾಜ ತನ್ನ ಗೋದಾಮಿನಲ್ಲಿ ಅದಕ್ಕೆ ಹದಿನೈದು ಇಂಚಿನ ಸ್ಪೀಕರ್ ಕೂರಿಸಿ, ಡೊಳ್ಳಿನ ಕ್ಯಾಸೆಟ್ ಹಾಕಿದ. ಮೊದಲ ನಾಲ್ಕು ಪೆಟ್ಟು ಕೇಳಲೇ ಇಲ್ಲ. ಐದನೆಯದಕ್ಕೆ ಬಾಕ್ಸು ‘ಹೂಂ’ ಎಂದು ಒಮ್ಮೆಲೇ ಅಬ್ಬರಿಸಿತು. ಮತ್ತೆ ಸುಮ್ಮನಾಯಿತು. ಯಾವುದೋ ಒಂದೇ ಸ್ವರಕ್ಕೆ ಅದು ಎದ್ದು ಕೂಗುತ್ತಿತ್ತು, ಉಳಿದವಕ್ಕೆ ನಿದ್ದೆ ಹೋಗುತ್ತಿತ್ತು.

‘ಇದೇನ್ಲಾ ಕನಕ, ಕೋಣ ಕಟ್ಟಾಕಿದೀಯ ಒಳ್ಗೆ?’

‘ವೃಷಭ ಅಣ್ಣ. ಎರಡ್ನೇ ಬಾಯಲ್ಲಿ.’

‘ಏನಂದೆ?’

‘ಏನಿಲ್ಲ ಬುಡು.’

‘ಹುಲಿಯೂರುದುರ್ಗಕ್ಕೆ ಬೆಂಗಳೂರು ಬಾಕ್ಸುನೂ ಬಾಡಿಗೆಗೆ ಹೇಳಿರ್ತೀನಪ್ಪ’ ಎಂದ ಶಿವರಾಜ. ‘ಒಂದ್ ಕಡೆ ಅದು, ಒಂದ್ ಕಡೆ ನಿಂದು. ನಿಂದು ಹಿಂಗೇ ಕೂಗಿದ್ರೆ ವೈರ್ ಕಿತ್ತಾಕ್ತೀನಿ, ಬೇಜಾರ್ ಮಾಡ್ಕಬೇಡ.’

ಕನಕರಾಜು ಬಾಕ್ಸನ್ನೂ ಶಿವರಾಜನ ಒಂದು ಪುಟ್ಟ ಆಂಪ್ಲಿಫಯರನ್ನೂ ಮನೆಗೆ ತಂದ. ಸಂದುಗಳಲ್ಲಿ ಗಾಳಿ ಸೋರುತ್ತಿರಬಹುದೆಂದು ಶಂಕಿಸಿ, ಬಾಕ್ಸು ಕೂಗುತ್ತಿರುವಾಗಲೇ ಊದುಬತ್ತಿ ಹಚ್ಚಿ ಅದರ ಹೊಗೆಯನ್ನು ಒಂದೊಂದು ಸಂದಿನ ಬಳಿಯೂ ಹಿಡಿದ. ಸೋರಿಕೆ ಇದ್ದರೆ ಹೊಗೆ ನಡುಗಬೇಕು. ಎಲ್ಲಿಯೂ ನಡುಗಲಿಲ್ಲ, ಅವನ ಕೂಡಿಕೆ ಅಷ್ಟು ಬಿಗಿಯಾಗಿತ್ತು. ಮನೆಯಲ್ಲಿ ಮೂರು ದಿನ ಯಾವುದೋ ಹಬ್ಬದ ವಾಸನೆ ಉಳಿಯಿತು.

ನಾಲ್ಕನೆಯ ದಿನ ಸ್ವರ್ಣಲತಾ ಗಿರಾಕಿಯೊಬ್ಬರ ಕೊಡೆ ಲಂಗವನ್ನು ಇಸ್ತ್ರಿ ಮಾಡುತ್ತಿದ್ದಳು. ಮೇಲೆ ಬಿಗಿಯಾಗಿ, ಇಳಿಯುತ್ತ ಇಳಿಯುತ್ತ ಅಗಲವಾಗಿ, ಕೆಳಗೆ ಕೊಡೆಯಂತೆ ಬಿಚ್ಚಿಕೊಳ್ಳುವ ಲಂಗ. ಗಂಡ ಹತಾಶನಾಗಿ ಕೊಂಬು, ಅಗಲಿಕೆ ಎಂದು ಗೊಣಗುತ್ತಿದ್ದುದನ್ನು ಕೇಳಿ, ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನಕ್ಷೆಯ ಹಾಳೆ ಎಳೆದುಕೊಂಡಳು.

‘ಇಲ್ನೋಡಿ. ಇವ್ರು ನಾಲ್ಕಕ್ಕೆ ಎರಡು ಸೇರ್ಸವ್ರೆ, ಆರಕ್ಕೆ ಮೂರು, ಒಂಬತ್ತಕ್ಕೆ ಐದು, ಹದಿನಾಲ್ಕಕ್ಕೆ ಏಳು. ಎಲ್ಲಾ ಕಡೆ ಹೆಚ್ಚುಕಮ್ಮಿ ಅರ್ಧದಷ್ಟು ಜಾಸ್ತಿ. ಘೇರು ಸಮವಾಗಿ ಬಿಚ್ಕೊಳ್ತದೆ. ನಿಮ್ದು? ಎರಡು, ಎರಡು, ನಾಲ್ಕು, ಎಂಟು. ಸೊಂಟದಿಂದ ಮೊಣಕಾಲಗಂಟ ಗೋಣಿಚೀಲ, ಆಮೇಲೆ ಏಕ್ದಮ್ ಕೊಡೆ. ಹಿಂಗೆ ಲಂಗ ಹೊಲ್ದ್ರೆ ಉಟ್ಕೊಂಡೋಳು ಎಡವಿ ಬೀಳ್ತಾಳೆ ಕಣ್ರೀ. ಗಾಳಿನೂ ಹಂಗೇ ಎಡವ್ತದೆ.’

ಕನಕರಾಜು ಎರಡೂ ಸಾಲಿನ ಅಳತೆಗಳನ್ನು ಬೆರಳಿಟ್ಟು ಎಣಿಸಿ ನೋಡಿದ. ಗಾಳಿಯನ್ನು ಎಡವಿಸಿದ್ದು ಆನೆ, ಬಸವ, ಸಿಂಹಗಳೇ ಎಂಬುದರಲ್ಲಿ ಅವನಿಗೆ ಸಂದೇಹ ಉಳಿಯಲಿಲ್ಲ. ನಕ್ಷೆಯ ಅಳತೆಗೇ ಮರಳಬೇಕು. ಆದರೆ ಆ ಅಳತೆಯಲ್ಲಿ ಕಾಗೆ, ನಾಯಿ, ಹೊಗೆಗಳಿದ್ದವು. ಎರಡು ಬಾಕ್ಸು ಸೇರಿ ಹತ್ತು ಬಾಯಿಗಳಲ್ಲಿ ಒಂದಕ್ಕೂ ಒಳ್ಳೆಯ ಆಯವಿರಲಿಲ್ಲ. ಕೊಟ್ಟ ಮಾತನ್ನು ಯಾರಿಗೂ ಕಾಣದ ಹಾಗೆ ಡಬ್ಬದೊಳಗೆ ಮುರಿಯಬಹುದಿತ್ತು. ಅವನು ಹಾಗೆ ಮಾಡದೆ, ಆ ಮಾತಿನಿಂದ ಬಿಡುಗಡೆ ಕೇಳಲು ಗುಬ್ಬಿಗೆ ಹೊರಟ.

ಕದರಯ್ಯನಿಗೆ ಆಗ ಎಪ್ಪತ್ತು ದಾಟಿತ್ತು. ಜಗಲಿಯ ಮೇಲೆ ಕುಳಿತು ಅಡಕೆ ಕತ್ತರಿಸುತ್ತಿದ್ದವನು ಶಿಷ್ಯನ ಕಥೆಯನ್ನು ಪೂರ್ತಿ ಕೇಳಿಸಿಕೊಂಡ.

‘ಬಾಯಿ ಐತೇನ್ಲಾ ಅದಕ್ಕೆ?’

‘ಐತೆ ಮೇಸ್ತ್ರಿ.’

‘ಹಂಗಾದ್ರೆ ಆಯ ಬೇಕು.’

‘ಒಂದಲ್ಲ, ಐದು ಬಾಯವೆ.’

‘ಐದಾ!’ ಮುದುಕನ ಅಡಕತ್ತರಿ ನಿಂತಿತು. ‘ಅರ್ಧ ರಾವಣನ್ನೇ ಕಟ್ಟಿದೀಯಲ್ಲೋ! ಹಂಗಾದ್ರೆ ಐದಕ್ಕೂ ಬೇಕು.’

‘ಆಯ ಹಾಕಿದ್ರೆ ಬಾಕ್ಸು ಹಾಡ್ತಿಲ್ಲ ಮೇಸ್ತ್ರಿ. ಕೂಗ್ತದೆ. ಅಳತೆ ಅರ್ಧ ಇಂಚು ಆಚೀಚೆ ಆಗಂಗಿಲ್ಲ. ಇದೊಂದಕ್ಕೆ ಬುಟ್ಬುಡಿ.’

‘ಬುಡಕಾಗಲ್ಲ. ನಾನ್ ನಿಂಗೆ ಕೇಳಿದ್ ಏನು? ಆ ಕೋಲ್ನಾಗಿರೋ ಅಳತೇಲಿ ಆಯ ಬರ್ಬೇಕು ಅಂತ. ಅಷ್ಟೇ ತಾನೆ? ಕೋಲು ತಂದಿದೀಯಾ?’

ಕನಕರಾಜು ಜೇಬಿನಿಂದ ತೆಗೆದು ತೋರಿಸಿದ. ಕದರಯ್ಯ ಅದನ್ನು ಕೈಗೆ ತೆಗೆದುಕೊಳ್ಳದೆ, ಗದ್ದದಿಂದ ತೋರಿಸಿ, ‘ಸರಿಯಾಗ್ ನೋಡ್ಕೊ. ಊಟ ಮಾಡ್ಕಂಡ್ ಹೋಗು’ ಎಂದ. ಊಟದುದ್ದಕ್ಕೂ ಆತ ಹಾಗಲವಾಡಿಯ ಮಳೆ ಬೆಳೆ ವಿಚಾರಿಸಿದನೇ ಹೊರತು ಬಾಕ್ಸಿನ ಸುದ್ದಿ ಎತ್ತಲಿಲ್ಲ.

ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕನಕರಾಜು ಬೇಸರದಿಂದ ಕೋಲನ್ನು ಬಿಡಿಸುತ್ತ ಮಡಿಸುತ್ತ ಕುಳಿತ. ಕದರಯ್ಯನ ಬಳಿ ಎಷ್ಟು ಬಾಗಿಲು ಅಳೆದಿದ್ದ! ಎಲ್ಲ ಇಂಚಿನ ಲೆಕ್ಕವೇ. ಬಾಗಿಲಿಗೆ ಇಂಚು ಸಾಕು. ಇಂಚಿನ ನಡುವಿನ ಸಣ್ಣ ಗೆರೆಗಳ ಕಡೆ ಆಯ ಹಾಕುವಾಗ ಯಾರೂ ನೋಡಿರಲಿಲ್ಲ. ಅವನು ಉಗುರಿನಿಂದ ಆ ಗೆರೆಗಳನ್ನು ಎಣಿಸಿದ. ಇಂಚಿಗೆ ಎಂಟು ನೂಲು.

ಎಂಟು. ಆಯಗಳೂ ಎಂಟು.

ಅವನು ನೆಟ್ಟಗೆ ಕುಳಿತ. ಇಂಚುಗಳು ಎಷ್ಟೇ ಇರಲಿ, ನೂಲಿನಲ್ಲಿ ಹೇಳಿದರೆ ಅದು ಎಂಟರ ಮಡಿಯೇ ಆಗುತ್ತದೆ, ಭಾಗಿಸಿದರೆ ಏನೂ ಉಳಿಯುವುದಿಲ್ಲ. ಅದಕ್ಕೆ ಒಂದೇ ಒಂದು ನೂಲು ಸೇರಿಸಿದರೆ? ಒಂದು ಉಳಿಯುತ್ತದೆ. ನಾಲ್ಕು ಇಂಚೆಂದರೆ ಮೂವತ್ತೆರಡು ನೂಲು, ಮೂವತ್ತಮೂರು ಮಾಡು. ಅಗಲ ಹದಿನೆಂಟು ಇಂಚೆಂದರೆ ನೂರನಲವತ್ತನಾಲ್ಕು, ನೂರನಲವತ್ತೈದು ಮಾಡು. ಅವನು ಬಸ್ ಟಿಕೆಟಿನ ಹಿಂದೆ ಪೆನ್ಸಿಲಿನಿಂದ ಗುಣಿಸಿದ, ಭಾಗಿಸಿದ. ಶೇಷ ಒಂದು. ಧ್ವಜಾಯ, ಎಂಟರಲ್ಲಿ ಮೊದಲನೆಯದು. ಆರಕ್ಕೆ ಹಾಕಿದ, ಧ್ವಜ. ಒಂಬತ್ತಕ್ಕೆ ಧ್ವಜ. ಟಿಕೆಟ್ ತುಂಬಿಹೋದ ಮೇಲೆ ಅಂಗೈಯ ಮೇಲೆ ಬರೆದ. ಹದಿನಾಲ್ಕಕ್ಕೂ ಇಪ್ಪತ್ತೊಂದಕ್ಕೂ ಧ್ವಜವೇ. ನಕ್ಷೆಯ ಅಳತೆ ಎಲ್ಲಿಯೂ ಕೆಡಲಿಲ್ಲ. ಬೆಳೆದದ್ದು ಒಂದೊಂದೇ ನೂಲು, ಗರಗಸದ ಹಲ್ಲು ತಿನ್ನುವಷ್ಟು. ಅಷ್ಟಕ್ಕೆ ಯಾವ ಗಾಳಿಯೂ ಎಡವುವುದಿಲ್ಲ.

‘ಐದಕ್ಕೂ ಬಂತು!’ ಎಂದು ಅವನು ಕೂಗಿಯೇಬಿಟ್ಟ. ಪಕ್ಕದಲ್ಲಿದ್ದ ಹೆಂಗಸು ಚೀಲವನ್ನು ಮಡಿಲಿಗೆ ಎಳೆದುಕೊಂಡು ದೂರ ಸರಿದಳು.

ಬಸ್ಸು ಯಾವಾಗ ತುಮಕೂರು ಮುಟ್ಟಿತೋ, ಯಾವಾಗ ಜನ ಇಳಿದು ಹೊಸ ಜನ ಹತ್ತಿದರೋ ಅವನಿಗೆ ತಿಳಿಯಲಿಲ್ಲ. ಕಂಡಕ್ಟರ್ ಬಂದು ಭುಜ ತಟ್ಟಿದಾಗ ಬಸ್ಸು ತಿರುಗಿ ಗುಬ್ಬಿಯ ದಾರಿ ಹಿಡಿದಿತ್ತು.

‘ಟಿಕೆಟ್ ತಗಳಿ ಯಜಮಾನ್ರೆ.’

ಕನಕರಾಜು ಗೀಚಿ ತುಂಬಿಸಿದ್ದ ಹಳೆಯ ಟಿಕೆಟನ್ನು ಚಾಚಿದ. ಕಂಡಕ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ‘ಇದೇನ್ರೀ, ಜಾತಕನಾ? ಇಳೀರಿ ಸ್ವಾಮಿ.’

ರಸ್ತೆಯ ನಡುವೆ ಇಳಿದು ಊರಿನವರೆಗೆ ನಡೆದು ಬಂದ ಆ ದೂರ ತನ್ನ ಜೀವನದಲ್ಲೇ ಅತಿ ಹಗುರವಾಗಿ ನಡೆದದ್ದೆಂದು ಕನಕರಾಜು ಈಗಲೂ ಹೇಳುತ್ತಾನೆ.

ಮೊದಲ ಬಾಕ್ಸನ್ನು ಬಿಚ್ಚಿಹಾಕಿ ಎರಡನ್ನೂ ಹೊಸದಾಗಿ ಕಟ್ಟಿದ. ಸ್ವರ್ಣಲತಾ ಹೊಲಿಗೆಯ ಚಾಕಿನಿಂದ ಪ್ರತಿ ಹಲಗೆಯ ಮೇಲೂ ಗೆರೆ ಎಳೆದಳು. ಗೆರೆಯ ಹೊರಗಂಚಿಗೆ ಒಂದು ನೂಲು ಬಿಟ್ಟು ಅವನು ಕುಯ್ದ. ಗಾಳಿ ತಿರುಗುವ ಮೂಲೆಗಳಿಗೆ ಓರೆ ಪಟ್ಟಿಗಳನ್ನು ಕೊಟ್ಟ. ಊದುಬತ್ತಿ ಮತ್ತೆ ಹೊತ್ತಿತು. ಈ ಸಲ ಶಿವರಾಜನ ಗೋದಾಮಿಗೆ ಹೋಗಿ ಕೇಳಿಸಲು ಸಮಯವಿರಲಿಲ್ಲ. ಮರಳೂರಿನಲ್ಲಿದ್ದ ಪುಟ್ಟ ಆಂಪ್ಲಿಫಯರಿನಲ್ಲಿ ಸಣ್ಣಗೆ ಕೇಳಿದರು. ಕೂಗಲಿಲ್ಲ. ಆದರೆ ಮೈದಾನದಲ್ಲಿ ಹಾಡುತ್ತದೋ ಇಲ್ಲವೋ ಅಲ್ಲಿಯೇ ಗೊತ್ತಾಗಬೇಕಿತ್ತು.

ವಾರ್ಷಿಕೋತ್ಸವದ ದಿನ ಕನಕರಾಜು ಬೆಳಿಗ್ಗೆಯೇ ಗುಬ್ಬಿಗೆ ಹೋಗಿ ಕದರಯ್ಯನನ್ನು ಕರೆತಂದ. ಹೈಸ್ಕೂಲಿನ ಬಯಲು, ಅದರ ಹಿಂದೆ ದುರ್ಗದ ಬೆಟ್ಟ. ವೇದಿಕೆಯ ಎಡಕ್ಕೆ ಬೆಂಗಳೂರಿನ ಬಾಡಿಗೆ ಬಾಕ್ಸುಗಳು, ಬಲಕ್ಕೆ ಬಣ್ಣ ಕೂಡ ಸರಿಯಾಗಿ ಒಣಗದ ಮರಳೂರಿನ ಜೋಡಿ. ಎರಡು ಗಂಟೆಗೆ ಶುರುವಾಗಬೇಕಾದ ಕಾರ್ಯಕ್ರಮ ಎರಡೂ ಹತ್ತಾದರೂ ಶುರುವಾಗಲಿಲ್ಲ. ಏಕೆಂದರೆ ಪಂಚೆ ಎತ್ತಿ ಕಟ್ಟಿದ ಮುದುಕನೊಬ್ಬ ಬಲಗಡೆಯ ಬಾಕ್ಸಿನ ಬಾಯಿಗೆ ಕೋಲಿಟ್ಟು ಕುಳಿತಿದ್ದ.

ಮುಖ್ಯೋಪಾಧ್ಯಾಯಿನಿ ಶಿವರುದ್ರಮ್ಮ ವೇದಿಕೆಯಿಂದಲೇ ಕೇಳಿದರು: ‘ಏನ್ರೀ ಶಿವರಾಜ್, ಯಾರ್ರೀ ಆ ಯಜಮಾನ್ರು? ಏನ್ ಮಾಡ್ತಿದಾರೆ?’

ಶಿವರಾಜ ಬೆವರು ಒರೆಸಿಕೊಂಡ. ‘ಆಯ ನೋಡ್ತಾವ್ರಂತೆ ಮೇಡಂ.’

‘ಯಾವುದರದು?’

‘ಡಬ್ಬದ್ದು ಮೇಡಂ.’

ಮಕ್ಕಳ ಸಾಲಿನಲ್ಲಿ ನಗೆ ಎದ್ದಿತು. ಕದರಯ್ಯನಿಗೆ ಅದು ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಕೊಳ್ಳಲಿಲ್ಲ. ಆತ ತುಟಿ ಅಲುಗಿಸುತ್ತ ಎಣಿಸುತ್ತಿದ್ದ.

‘ನೂರರವತ್ತೊಂಬತ್ತು ನೂಲು... ನೂರನಲವತ್ತೈದು ನೂಲು...’ ಬೆರಳ ಗೆಣ್ಣುಗಳ ಮೇಲೆ ಲೆಕ್ಕ ಓಡಿತು. ‘ಧ್ವಜ!’ ಎಂದು ತಲೆಯೆತ್ತಿದ. ‘ಒಳಗಿರೋ ನಾಲ್ಕು?’

‘ಅವೂ ಧ್ವಜವೇ ಮೇಸ್ತ್ರಿ.’

‘ಐದಕ್ಕೂ ಧ್ವಜವಾ? ನನ್ ಕೈಲೇ ಒಂದ್ ಮನೆಗೆ ಎರಡು ಬಂದಿಲ್ಲ ಕಣ್ಲಾ ಕಳ್ಳ!’ ಮುದುಕ ಮೊಣಕಾಲ ಮೇಲೆ ಕೈಯೂರಿ ಎದ್ದ. ‘ಹೂಂ, ಹಾಡ್ಸು.’

ಹೈಸ್ಕೂಲಿನ ಹುಡುಗಿಯರ ಡೊಳ್ಳು ಕುಣಿತದಿಂದಲೇ ಶುರುವಾಯಿತು. ಶಿವರಾಜ ಮೊದಲು ಎಡಗಡೆಯ ಬಾಕ್ಸುಗಳನ್ನು ಮಾತ್ರ ಹಾಡಿಸಿದ. ಚೆನ್ನಾಗಿತ್ತು, ಬೆಂಗಳೂರಿನದು ಎಂದ ಮೇಲೆ ಚೆನ್ನಾಗಿರಲೇಬೇಕಲ್ಲ. ಆಮೇಲೆ ಅವನು ಎಡಗಡೆಯದನ್ನು ಇಳಿಸಿ, ಕನಕರಾಜುವಿನ ಮುಖವನ್ನೊಮ್ಮೆ ನೋಡಿ, ಬಲಗಡೆಯದನ್ನು ಏರಿಸಿದ. ಕನಕರಾಜು ಕಣ್ಣು ಮುಚ್ಚಿಕೊಂಡ.

ಮೊದಲ ಪೆಟ್ಟು ಬಿತ್ತು. ಎರಡನೆಯದೂ ಬಿತ್ತು, ಮೂರನೆಯದೂ. ಒಂದೂ ನಿದ್ದೆ ಹೋಗಲಿಲ್ಲ, ಒಂದೂ ಎದ್ದು ಕೂಗಲಿಲ್ಲ. ಹುಡುಗಿಯರ ಕೋಲು ತೊಗಲನ್ನು ಮುಟ್ಟಿದಷ್ಟೂ ಸಲ ಆ ಬಯಲಿನ ಮಣ್ಣು ಪಾದಕ್ಕೆ ಸುದ್ದಿ ಹೇಳಿತು. ಕುಳ್ಳ ಹುಡುಗಿಯೊಬ್ಬಳು ಮೆಲ್ಲಗೆ ಬಡಿದದ್ದೂ, ಉದ್ದನೆಯವಳು ಸಿಟ್ಟಿನಿಂದ ಬಡಿದದ್ದೂ ಬೇರೆ ಬೇರೆಯಾಗಿ ಕೇಳಿತು. ಬೆಟ್ಟಕ್ಕೆ ಬಡಿದ ಸದ್ದು ಒಂದು ಕ್ಷಣ ತಡವಾಗಿ ಹಿಂದಿರುಗಿ ಬಂದು ತಾಳ ಸೇರಿಕೊಂಡಿತು. ಶಾಲೆಯ ಗೇಟಿನಾಚೆ ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದವರು ಗೇಟಿನೊಳಗೆ ಬಂದು ನಿಂತರು.

ಶಿವರಾಜ ಮಿಕ್ಸರನ್ನು ತನ್ನ ಆಳಿಗೆ ಒಪ್ಪಿಸಿ, ಕುರ್ಚಿಗಳ ಸಾಲು ದಾಟಿ, ಹಿಂದೆ ಹಿಂದೆ ಸರಿಯುತ್ತ ಗೇಟಿನ ಬಳಿಯ ಹುಣಸೆ ಮರದವರೆಗೆ ಹೋದ. ಅಲ್ಲಿ ನಿಂತು, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ, ಎರಡೂ ಅಂಗೈಗಳನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡ. ಆಮೇಲೆ ವಾಪಸು ಬಂದು ಆಳಿಗೆ ಹೇಳಿದ: ‘ಎಡಗಡೇವು ಅವೆಯಲ್ಲ, ಅವನ್ನ ಲಾರಿಗಾಕ್ಸೋ. ಸುಮ್ನೆ ಜಾಗ ತಿಂತಾವೆ.’ ಕನಕರಾಜುವಿನ ಕಡೆ ತಿರುಗಿ, ‘ಇನ್ನೂ ಆರು ಮಾಡು. ಯುಗಾದಿ ಒಳ್ಗೆ. ಕಿಟಕಿ ಅಂತೇನಾದ್ರೂ ನೆಪ ಹೇಳಿದ್ಯೋ, ನೋಡು!’ ಎಂದ.

ಕದರಯ್ಯ ಬಲಗಡೆಯ ಬಾಕ್ಸಿಗೆ ಒರಗಿಯೇ ಕುಳಿತಿದ್ದ. ಯಾರು ಕರೆದರೂ ಕುರ್ಚಿಗೆ ಬರಲಿಲ್ಲ. ‘ಒಳ್ಗೆ ಯಾರೋ ವಾಸ ಅವ್ರೆ ಕಣ್ಲಾ’ ಎಂದು ಶಿಷ್ಯನ ಕಿವಿಯಲ್ಲಿ ಕೂಗಿದ. ಕನಕರಾಜು ಅನೇಕ ದಿನಗಳಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಆಗ ಕೇಳಿದ:

‘ಮೇಸ್ತ್ರಿ, ನೂಲಿನ ವಿಷ್ಯ ನಿಮ್ಗೆ ಮೊದ್ಲೇ ಗೊತ್ತಿತ್ತಾ?’

‘ಕೋಲು ಯಾರ್ದು?’

‘ನಿಮ್ದೇ.’

‘ಮತ್ತೆ!’ ಎಂದು ಮುದುಕ ಡೊಳ್ಳಿನ ಕಡೆ ಮುಖ ತಿರುಗಿಸಿದ. ಗೊತ್ತಿತ್ತೋ ಇಲ್ಲವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಕನಕರಾಜು ಆ ಯುಗಾದಿಯಿಂದ ಕಿಟಕಿ ಮಾಡಲಿಲ್ಲ. ೨೦೦೩ರ ಹೊತ್ತಿಗೆ ಶೀಟಿನ ಶೆಡ್ಡು ತಾರಸಿಯಾಯಿತು. ಗುಬ್ಬಿ, ಕುಣಿಗಲ್, ಸಿರಾಗಳ ಸೌಂಡ್ ಸರ್ವೀಸಿನವರು ಮರಳೂರಿಗೆ ಬಂದು ಸರದಿ ಕಾಯತೊಡಗಿದರು. ಹೊಸ ಅಳತೆಯ ಬಾಕ್ಸು ಬಂದಾಗಲೆಲ್ಲ ಅಗಲಿಕೆಯ ಲೆಕ್ಕ ಸ್ವರ್ಣಲತಾಳದು, ಒಂದು ನೂಲಿನ ಲೆಕ್ಕ ಅವನದು. ಒಳ್ಳೆಯ ಕೆಲಸಕ್ಕೆ ಆಗುವಂತೆ ಅವನ ಬಾಕ್ಸಿಗೂ ನಕಲುಗಳು ಹುಟ್ಟಿಕೊಂಡವು. ಅವನು ಅದಕ್ಕೆ ಸಿಟ್ಟಾಗಲಿಲ್ಲ.

೨೦೦೭ರಲ್ಲಿ ಒಂದು ಮಧ್ಯಾಹ್ನ ಏನೋ ಕೆಲಸಕ್ಕೆಂದು ಕುಣಿಗಲಿಗೆ ಹೋಗಿದ್ದಾಗ, ದೊಡ್ಡಪೇಟೆಯ ಮರಗೆಲಸದ ಅಂಗಡಿಯೊಂದರಲ್ಲಿ ತನ್ನ ಬಾಕ್ಸಿನ ಹಲಗೆಗಳನ್ನೇ ಕುಯ್ಯುತ್ತಿರುವುದನ್ನು ಕಂಡು ಒಳಗೆ ಹೋದ. ಅಂಗಡಿಯ ಚಿಕ್ಕಮಾರಯ್ಯನಿಗೆ ಅವನ ಗುರುತಿರಲಿಲ್ಲ. ಗಿರಾಕಿಯೆಂದು ಭಾವಿಸಿ ಉತ್ಸಾಹದಿಂದ ವಿವರಿಸಿದ.

‘ಇದು ಹಾರ್ನ್ ಬಾಕ್ಸು ಯಜಮಾನ್ರೆ. ಎಲ್ಲಾರೂ ಮಾಡ್ತಾರೆ, ಎಲ್ಲಾರ್ದೂ ಹಾಡಲ್ಲ. ಇದ್ರಲ್ಲಿ ಒಂದ್ ಗುಟ್ಟೈತೆ. ಎಲ್ಲಾ ಅಳತೆಗೂ ಒಂದೊಂದ್ ನೂಲು ಜಾಸ್ತಿ ಬುಡ್ಬೇಕು. ಬೇಸ್ ಇರೋದೇ ಆ ನೂಲ್ನಾಗೆ.’

‘ಹೌದಾ? ಯಾಕಂತೆ?’ ಎಂದ ಕನಕರಾಜು.

‘ಗಾಳಿ ಉಸ್ರಾಡ್ಬೇಕಲ್ಲ! ಉಸ್ರಿಗೆ ಒಂದ್ ನೂಲು. ಅದ್ನ ಬುಡ್ದೇ ಹೋದ್ರೆ ಕೋಣ ಕೂಗ್ದಂಗೆ ಕೂಗ್ತದೆ. ಬೇಕಾದ್ರೆ ಮಾಡಿ ನೋಡಿ.’

ನಾಯಿ, ಕಾಗೆ, ಗುಬ್ಬಿಯ ಜಗಲಿ, ಬಸ್ಸಿನ ಟಿಕೆಟ್, ಎಲ್ಲವನ್ನೂ ಈ ಮನುಷ್ಯನಿಗೆ ಹೇಳಲು ಒಂದು ಮಧ್ಯಾಹ್ನ ಬೇಕಾಗುತ್ತಿತ್ತು. ಹೇಳಿದರೂ ಚಿಕ್ಕಮಾರಯ್ಯ ಕುಯ್ಯುವ ಅಳತೆ ಬದಲಾಗುತ್ತಿರಲಿಲ್ಲ. ಕನಕರಾಜು ಜೇಬಿನಿಂದ ಹಿತ್ತಾಳೆ ಕೀಲಿನ ಕೋಲು ತೆಗೆದು ಬಿಡಿಸಿ, ಮೇಜಿನ ಮೇಲೆ ಅಂಟು ಹಾಕದೆ ಕೂಡಿಸಿಟ್ಟಿದ್ದ ಮೊದಲ ಬಾಯಿಗೆ ಹಿಡಿದ. ಮೂವತ್ತಮೂರು ನೂಲು.

‘ಸರಿಯಾಗೈತೆ ಕಣಯ್ಯ’ ಎಂದ. ‘ಕಳ್ಸು.’